ರೇಡಾರ್ ಹಿಮಶೋಧ: ಗುರುವಿನ ಉಪಗ್ರಹಗಳು ಮತ್ತು ಚಂದ್ರಯಾನ

ರೇಡಿಯೊ ಅಲೆಗಳನ್ನು ಹಾಯಿಸಿ, ಮರಳಿ ಬಂದ ಅಲೆಯ ಸ್ವರೂಪದಿಂದ ಆಕಾಶಕಾಯದ ನೆಲವನ್ನೂ ಅಲ್ಲಿನ ಹಿಮವನ್ನೂ ಅರಿಯುವ ವಿಧಾನ. ಬಿಸಿಲೇ ಬೀಳದ ಕುಳಿಗಳ ತಳಕ್ಕೆ ಕ್ಯಾಮೆರಾಕ್ಕಿಂತ ಇದೇ ಹೆಚ್ಚು ಉಪಯುಕ್ತ.

ಇದರ ಮೂಲಸುಳಿವು ಸಿಕ್ಕಿದ್ದು ನೆಲದ ಮೇಲಿನ ರೇಡಾರ್‌ಗಳಿಂದ. 1970ರ ದಶಕದಲ್ಲಿ ಪೋರ್ಟೊರಿಕೊದ ಅರೆಸಿಬೊದಿಂದ ಗುರುವಿನ ಉಪಗ್ರಹಗಳಾದ ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊಗಳತ್ತ ಅಲೆ ಕಳಿಸಲಾಯಿತು. ಬಲಕ್ಕೆ ಸುತ್ತುತ್ತ ಹೋದ ಅಲೆ ನುಣುಪಾದ ನೆಲಕ್ಕೆ ಬಡಿದರೆ ಎಡಕ್ಕೆ ಸುತ್ತುತ್ತ ಮರಳಬೇಕು. ಇಲ್ಲಿ ಬಹುಪಾಲು ಹೋದ ಸುತ್ತಿನಲ್ಲೇ, ಅದೂ ಬಹಳ ಪ್ರಬಲವಾಗಿ ಮರಳಿತು. ಶುದ್ಧ ಹಿಮದೊಳಗೆ ಅಲೆ ಮತ್ತೆ ಮತ್ತೆ ಚದುರಿ ಹೊರಬರುವುದೇ ಇದಕ್ಕೆ ಕಾರಣವೆಂದು ವಿವರಿಸಲಾಗಿದೆ.

ಈ ಗುರುತನ್ನೇ ನಮ್ಮ ಚಂದ್ರನಲ್ಲಿ ಹುಡುಕಿದ್ದು ಚಂದ್ರಯಾನ-1. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಈ ನೌಕೆ 2008ರ ಅಕ್ಟೋಬರ್ 22ರಂದು ಹಾರಿತು. ಅದರೊಡನೆ ಸಂಪರ್ಕಕ್ಕಾಗಿ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ನಿಂತಿತ್ತು. ನೌಕೆಯಲ್ಲಿದ್ದ ನಾಸಾದ ಮಿನಿ-ಸಾರ್ ರೇಡಾರ್ ಉತ್ತರ ಧ್ರುವದ ಬಳಿ, 2ರಿಂದ 15 ಕಿ.ಮೀ. ಅಗಲದ 40ಕ್ಕೂ ಹೆಚ್ಚು ಕುಳಿಗಳಲ್ಲಿ ಅದೇ ಗುರುತನ್ನು ಕಂಡಿತು. ಹೊಸ ಕುಳಿಗಳಲ್ಲಿ ಒರಟು ಬಂಡೆಗಳಿಂದಾಗಿ ಅಂಚಿನ ಒಳಗೂ ಹೊರಗೂ ಈ ಗುರುತು ಕಾಣುತ್ತದೆ. ಮಿನಿ-ಸಾರ್ ಕಂಡ ಈ ಕುಳಿಗಳಲ್ಲಿ ಅದು ಒಳಗಷ್ಟೇ ಇತ್ತು. ವಾದದ ನಿಜವಾದ ಬಲ ಇದರಲ್ಲಿದೆ. 2010ರ ಮಾರ್ಚ್‌ನಲ್ಲಿ ಪ್ರಕಟವಾದ 60 ಕೋಟಿ ಟನ್ ಹಿಮವಿದೆ ಎಂಬ ಲೆಕ್ಕವನ್ನು ಮಾತ್ರ ಎಚ್ಚರದಿಂದ ಓದಬೇಕು. ಹಿಮ ಒಂದೆರಡು ಮೀಟರ್ ದಪ್ಪವಾದರೂ ಇರಬೇಕೆಂಬ ತರ್ಕ ಅದರ ಹಿಂದಿದೆ. ಕಡಿದಾದ ಒಳಗೋಡೆಯ ಬಂಡೆಗಳೂ ಇದೇ ಗುರುತು ಕೊಡಬಲ್ಲವೆಂದು ಕೆಲ ವಿಜ್ಞಾನಿಗಳು ಆಕ್ಷೇಪಿಸಿದರು.

ಇನ್ನೊಂದು ಕೋನದಿಂದ ನೋಡಿದರೆ ಅನುಮಾನ ಕಡಿಮೆಯಾಗುತ್ತಿತ್ತು. 2009ರ ಆಗಸ್ಟ್ 20ರಂದು ಚಂದ್ರಯಾನ-1 ಕಳಿಸಿದ ಅಲೆಯನ್ನು ಅಮೆರಿಕದ ಎಲ್‌ಆರ್‌ಒ ನೌಕೆ ಹಿಡಿಯುವ ಪ್ರಯೋಗ ಎರ್ಲಾಂಗರ್ ಕುಳಿಯ ಮೇಲೆ ನಡೆಯಿತು. ಚಂದ್ರಯಾನದ ದಿಕ್ಕು ಸರಿಹೊಂದದೆ ಅದು ಕೈಗೂಡಲಿಲ್ಲ. ಆಗಸ್ಟ್ 29ರಂದು ಸಂಪರ್ಕವೇ ಕಡಿಯಿತು.

ಹಿಮ, ಬಂಡೆಗಳನ್ನು ಬೇರ್ಪಡಿಸುವ ಈ ಕೆಲಸ 2019ರ ಚಂದ್ರಯಾನ-2ಕ್ಕೆ ಬಂತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ರೂಪಿಸಿದ ಅದರ ರೇಡಾರ್ ಎಲ್, ಎಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ ಪೂರ್ಣ ಧ್ರುವೀಕರಣದ, ಅಂದರೆ ಅಲೆ ಕಂಪಿಸುವ ದಿಕ್ಕುಗಳ, ಮಾಹಿತಿ ಪಡೆಯುತ್ತದೆ. ಎಲ್-ಬ್ಯಾಂಡಿನ ಉದ್ದನೆಯ ಅಲೆ ಹೆಚ್ಚು ಆಳಕ್ಕಿಳಿಯುತ್ತದೆ.

ದೂರದ ಉಪಗ್ರಹಗಳ ಹತ್ತಿರಕ್ಕೇ ರೇಡಾರ್ ಒಯ್ದದ್ದು ಕ್ಯಾಸಿನಿ ನೌಕೆ. 2004ರಿಂದ ಅದು ಶನಿಯ ಟೈಟನ್‌ನ ಮಬ್ಬು ಭೇದಿಸಿ ನೆಲದ ಚಿತ್ರ ತೆಗೆಯಿತು. 2023ರಲ್ಲಿ ಹೊರಟ ಯುರೋಪಿನ ಜ್ಯೂಸ್ ಮತ್ತು 2024ರ ಯುರೋಪಾ ಕ್ಲಿಪ್ಪರ್ ನೌಕೆಗಳು ಗುರುವಿನ ಉಪಗ್ರಹಗಳ ಹಿಮದ ಹೊದಿಕೆಯೊಳಕ್ಕೇ ಅಲೆ ಇಳಿಸಲಿವೆ. ಜ್ಯೂಸ್‌ನ ರೇಡಾರ್ 9 ಮೆಗಾಹರ್ಟ್ಸ್‌ನದು; ಸುಮಾರು 9 ಕಿ.ಮೀ. ಆಳದವರೆಗೆ ತಲುಪುವುದು ಅದರ ಗುರಿ.