ಮೈಸೂರು ಲ್ಯಾನ್ಸರ್ಸ್ (ಸೂಯೆಜ್ ಕಾವಲು)

ಮೈಸೂರು ಸಂಸ್ಥಾನದ ಅಶ್ವದಳ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಗೆದ್ದದ್ದಕ್ಕೆ ಹೆಸರುವಾಸಿ. ಆದರೆ ಅದು ಒಂದು ದಿನದ ಕಾಳಗ. 1914ರ ಕೊನೆಯಲ್ಲಿ ಈಜಿಪ್ಟಿಗೆ ಬಂದಿಳಿದ ದಳ ಮುಂದಿನ ವರ್ಷವಿಡೀ ಕಾದದ್ದು ಸುಮಾರು 160 ಕಿ.ಮೀ. ಉದ್ದದ ಸೂಯೆಜ್ ಕಾಲುವೆಯನ್ನು. ದಳದ ಚರಿತ್ರೆಯ ತೂಕ ಇರುವುದು ಇಲ್ಲಿ. ಕಾಲುವೆ ಮುಚ್ಚಿದ್ದರೆ ಭಾರತದ ಹಡಗುಗಳು ಆಫ್ರಿಕಾ ಸುತ್ತಿಕೊಂಡೇ ಯುರೋಪ್ ಸೇರಬೇಕಿತ್ತು.

1915ರ ಫೆಬ್ರುವರಿ 3ರ ನಸುಕಿನಲ್ಲಿ ದೋಣಿ ಇಳಿಸಿ ಕಾಲುವೆ ದಾಟಹೊರಟ ತುರ್ಕರನ್ನು ತಡೆದವರು ಮುಖ್ಯವಾಗಿ ದಡದ ಕಂದಕಗಳಲ್ಲಿದ್ದ ಪದಾತಿಗಳು, ಕುದುರೆಯವರದು ಗಸ್ತಷ್ಟೇ ಎಂಬ ಆಕ್ಷೇಪವುಂಟು. ಮಾತು ನಿಜ, ತೀರ್ಮಾನ ಮಾತ್ರ ಸರಿಯಲ್ಲ. ಆ ಸೋಲಿನ ಬಳಿಕ ತುರ್ಕರು ಸಣ್ಣ ತಂಡಗಳಲ್ಲಿ ಬಂದು ನೀರಿಗೆ ಸಿಡಿಗುಂಡು ಇಳಿಸತೊಡಗಿದರು. ಪೂರ್ವ ದಡದ ಮರಳನ್ನು ಸಂಜೆ ಎಳೆದು ಸಮಮಾಡಿ, ಬೆಳಿಗ್ಗೆ ಅದರ ಮೇಲೆ ಹೆಜ್ಜೆ ಮೂಡಿದೆಯೇ ಎಂದು ನೋಡುವ ಉಪಾಯ ಹುಟ್ಟಿದ್ದು ಆಗಲೇ. ಇಂಥ ಬೇಹುಗಾರಿಕೆಗೆ ಕಂದಕ ಸಾಲದು, ಕುದುರೆಯೇ ಬೇಕು. ನವೆಂಬರಿನಲ್ಲಿ ಕಾಲುವೆ ದಡದ ಕಂತಾರಾ ಆಚೆಯ ಮರುಭೂಮಿಯಲ್ಲಿ ಮೈಸೂರಿನ ಸವಾರರು ಶತ್ರು ತಂಡವೊಂದನ್ನು ಎದುರಿಸಿದ್ದು ಹೀಗೆಯೇ.

ಇದನ್ನು ಇಡೀ ಕರ್ನಾಟಕದ ದಳವೆನ್ನುವುದು ಮಾತ್ರ ಇಂದಿನ ನಕಾಶೆಯನ್ನು ಹಿಂದಕ್ಕೆ ಎಳೆದಂತೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆ ದಾಟಿ ಹರಿಹರ ಮುಟ್ಟಿದರಷ್ಟೇ ಮೈಸೂರು ಸೀಮೆ. ದಿಲ್ಲಿಯ ತೀನ್ ಮೂರ್ತಿ ಸ್ಮಾರಕ ನೆನೆಯುವುದೂ ಸಂಸ್ಥಾನಗಳನ್ನೇ: ಅದರ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳವು.