ನಾಡೋಜ ಎಂದರೆ ಯಾರು?



ಪರೀಕ್ಷೆಯಲ್ಲಿ ನಿಮ್ಮ ಉತ್ತರಕ್ಕೆ ಅಂಕ ಕೊಡುವವರು ಯಾರೆಂದು ಕೇಳಿದರೆ ನೀವು ತಡಮಾಡದೆ ಉತ್ತರ ಹೇಳುತ್ತೀರಿ. ಊರಿನಲ್ಲಿ ರಾತ್ರಿಯಿಡೀ ಕಥೆ ಹಾಡುವ ಕಲಾವಿದೆಗೆ ಅಂಕ ಕೊಡುವವರು ಯಾರು? ಆಕೆಯ ಹಾಡು ಉತ್ತಮವೋ ಸಾಧಾರಣವೋ ಎಂದು ತೀರ್ಮಾನಿಸುವ ಅಧಿಕಾರ ಯಾರದು? ಇದು ಸುಲಭದ ಪ್ರಶ್ನೆಯಲ್ಲ. ಇದಕ್ಕೊಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ಬಳ್ಳಾರಿ ಸೀಮೆಯಲ್ಲೇ ನಡೆದಿದೆ.

ಚೋರನೂರು ಸಂಡೂರು ತಾಲ್ಲೂಕಿನ ಹೋಬಳಿ ಕೇಂದ್ರ. ಅದೇ ತಾಲ್ಲೂಕಿನ ಇನ್ನೊಂದು ಊರು ದರೋಜಿ. ಬುರ್ರಕಥೆಯ ಈರಮ್ಮ ಆ ಊರಿನವರು. ಅಲೆಮಾರಿಗಳಾದ ಬುಡ್ಗಜಂಗಮ ಸಮುದಾಯದಲ್ಲಿ ಹುಟ್ಟಿದ ಈರಮ್ಮನವರಿಗೆ ಓದುಬರಹ ಬರುತ್ತಿರಲಿಲ್ಲ. ತಂದೆಯಿಂದ ಕಲಿತ ಕಥೆಗಳನ್ನು ತಂಬೂರಿ ಹಿಡಿದು ಊರೂರಿನಲ್ಲಿ ಹಾಡಿದರು. ಅವರ ನೆನಪಿನಲ್ಲಿ ಸುಮಾರು ಹನ್ನೆರಡು ದೀರ್ಘ ಕಾವ್ಯಗಳಿದ್ದವು. ಅವುಗಳಲ್ಲಿ ಕುಮಾರರಾಮನ ಕಥೆಯೂ ಒಂದು. ಕುಮಾರರಾಮ ಕಂಪಿಲರಾಯನ ಮಗ. ದೆಹಲಿಯ ಮಹಮ್ಮದ್ ಬಿನ್ ತುಘಲಕ್‌ನ ಸೇನೆ ಕಂಪಿಲಿ ರಾಜ್ಯವನ್ನು 1327ರ ಸುಮಾರಿಗೆ ನಾಶಮಾಡಿತು. ಇತಿಹಾಸಕಾರರು ಈ ಘಟನೆಯನ್ನು ಶಾಸನಗಳಲ್ಲೂ ಪಾರಸಿ ಬರಹಗಳಲ್ಲೂ ಹುಡುಕಿದರು. ಆದರೆ ಸೋತ ರಾಜ್ಯದ ನೆನಪನ್ನು ತಲೆಮಾರುಗಳವರೆಗೆ ಜನರ ಮನಸ್ಸಿನಲ್ಲಿ ಉಳಿಸಿದವರು ಈರಮ್ಮನಂಥ ಹಾಡುಗಾರರು.

ಇಂಥ ಕಲೆಯನ್ನು ಪಾಠಶಾಲೆ ಬಹುಕಾಲ ಲೆಕ್ಕಕ್ಕೆ ಹಿಡಿಯಲಿಲ್ಲ. ಏಕೆ? ಸ್ವಲ್ಪ ಹಿಂದಕ್ಕೆ ಹೋಗೋಣ. 1835ರಲ್ಲಿ ಮೆಕಾಲೆ ಭಾರತದ ಶಿಕ್ಷಣದ ಬಗ್ಗೆ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಬರೆದನು. ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದೆಂದು ಅದರಲ್ಲಿ ಅವನೇ ಒಪ್ಪಿಕೊಂಡಿದ್ದಾನೆ. ಹಾಗಿದ್ದೂ ಭಾರತ ಮತ್ತು ಅರೇಬಿಯಾದ ಸಾಹಿತ್ಯವೆಲ್ಲ ಸೇರಿದರೂ ಯೂರೋಪಿನ ಪುಸ್ತಕಗಳ ಒಂದು ಕಪಾಟಿಗೆ ಸಮನಾಗದು ಎಂಬ ಅಭಿಪ್ರಾಯ ಕೊಟ್ಟನು. ಬರೆದಿಟ್ಟ ಗ್ರಂಥಗಳಿಗೇ ಈ ಗತಿಯಾದರೆ, ಬಾಯಿಂದ ಬಾಯಿಗೆ ಬಂದ ಹಾಡುಗಳ ಪಾಡೇನು? ಅದೇ ವರ್ಷ ಸರ್ಕಾರ ಇಂಗ್ಲಿಷ್ ಶಿಕ್ಷಣದ ಪರವಾಗಿ ನಿರ್ಣಯ ಮಾಡಿತು.

ಮೆಕಾಲೆಗೆ ವಿಷಯ ಗೊತ್ತಿರಲಿಲ್ಲ, ಆದ್ದರಿಂದ ತಪ್ಪಿದ ಎನ್ನಬಹುದು. ಆದರೆ ಸರ್ ಜಾರ್ಜ್ ಬರ್ಡ್‌ವುಡ್ ಹಾಗಲ್ಲ. ಅವರು ಭಾರತದ ಕರಕುಶಲ ಕಲೆಗಳನ್ನು ಚೆನ್ನಾಗಿ ಬಲ್ಲವರು, ಮೆಚ್ಚಿ ಪುಸ್ತಕ ಬರೆದವರು. ಅವರೇ 1910ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಭಾರತದಲ್ಲಿ ಲಲಿತಕಲೆ ಎಂಬುದೇ ಇಲ್ಲವೆಂದು ವಾದಿಸಿ, ಧ್ಯಾನಮುದ್ರೆಯ ಬುದ್ಧನ ವಿಗ್ರಹವನ್ನು ಹೀಗಳೆದರು. ಹ್ಯಾವೆಲ್, ಆನಂದ ಕುಮಾರಸ್ವಾಮಿ ಮೊದಲಾದವರು ಈ ನಿಲುವನ್ನು ಒಪ್ಪಲಿಲ್ಲ. 13 ಮಂದಿ ಕಲಾವಿದರೂ ವಿಮರ್ಶಕರೂ ಸಹಿ ಮಾಡಿದ ಪ್ರತಿಭಟನೆಯ ಪತ್ರ ಲಂಡನ್ನಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಲ್ಲಿ ಒಂದು ಮಾತನ್ನು ಗಮನಿಸಿ: ತಿಳಿವಳಿಕೆ ಇದ್ದರೆ ಸಾಲದು, ಅಳತೆಗೋಲೂ ಸರಿಯಾಗಿರಬೇಕು. ಬಟ್ಟೆಯನ್ನು ಸೇರಿನಿಂದ ಅಳೆಯುವವನು ಎಷ್ಟೇ ಪ್ರಾಮಾಣಿಕನಾದರೂ ತಪ್ಪು ಲೆಕ್ಕವನ್ನೇ ಕೊಡುತ್ತಾನೆ.

ಹಾಗಾದರೆ ನಮ್ಮವರ ಅಳತೆಗೋಲು ಯಾವುದಾಗಿತ್ತು? ಕನ್ನಡದ ಒಂದು ಹಳೆಯ ಮಾತು ಇದಕ್ಕೆ ದಾರಿ ತೋರಿಸುತ್ತದೆ. ಅದು 'ಓಜ' ಎಂಬ ಪದ. ಸಂಸ್ಕೃತದ 'ಉಪಾಧ್ಯಾಯ' ಶಬ್ದವು ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದು 'ಓಜ' ಆಯಿತು. ಓಜನೆಂದರೆ ಗುರು. ಆದರೆ ಶಾಸನಗಳಲ್ಲಿ ಶಿಲ್ಪಿಗಳ ಹೆಸರಿನ ಕೊನೆಯಲ್ಲೂ ಇದೇ ಪದ ಬರುತ್ತದೆ. ಬೇಲೂರಿನ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರನ್ನು ನೀವು ಓದಬಹುದು. ಕಲ್ಲು ಕೆತ್ತುವವನೂ ಓಜ, ಅಕ್ಷರ ಕಲಿಸುವವನೂ ಓಜ. ಕೆಲಸವನ್ನು ಬಲ್ಲವನೇ ಅದನ್ನು ಕಲಿಸಬಲ್ಲ, ಅದರ ಗುಣವನ್ನೂ ಹೇಳಬಲ್ಲ ಎಂಬ ತಿಳಿವಳಿಕೆ ಈ ಪದದಲ್ಲಿದೆ. ಆದಿಕವಿ ಪಂಪನನ್ನು ನಾವು 'ನಾಡೋಜ' ಎಂದು ಕರೆಯುತ್ತೇವೆ. ನಾಡೋಜ ಎಂದರೆ ನಾಡಿಗೇ ಗುರು.

1991ರಲ್ಲಿ ಹಂಪಿಯ ಬಳಿ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಗಳು. ಈ ವಿಶ್ವವಿದ್ಯಾಲಯ ತನ್ನ ಗೌರವ ಪದವಿಗೆ 'ಡಾಕ್ಟರ್' ಎಂಬ ಹೆಸರಿಡದೆ 'ನಾಡೋಜ' ಎಂದು ಹೆಸರಿಟ್ಟಿತು. 1995ರಲ್ಲಿ ಕುವೆಂಪು, ಗಂಗೂಬಾಯಿ ಹಾನಗಲ್ ಮೊದಲಾದವರಿಗೆ ಅದನ್ನು ನೀಡಲಾಯಿತು. ಮುಂದೆ ಅದೇ ಪದವಿ ದರೋಜಿಯ ಈರಮ್ಮನವರಿಗೂ ಸಂದಿತು. ಶಾಲೆಯ ಮೆಟ್ಟಿಲು ಹತ್ತದ ಮಹಿಳೆಯನ್ನು ವಿಶ್ವವಿದ್ಯಾಲಯವೊಂದು 'ನಾಡಿನ ಗುರು' ಎಂದು ಕರೆಯಿತು.

ಆದರೆ ಮಿತ್ರರೇ, ಆ ದಿನವೇ ಈರಮ್ಮನವರ ಹಾಡು ಉತ್ತಮವಾಯಿತೆಂದು ತಿಳಿಯಬೇಡಿ. ಅದಕ್ಕೂ ಮೊದಲೇ ನೂರಾರು ಊರುಗಳ ಕೇಳುಗರು ಎದ್ದು ಹೋಗದೆ ಕುಳಿತು ತಮ್ಮ ತೀರ್ಪನ್ನು ಕೊಟ್ಟಿದ್ದರು. ವಿಶ್ವವಿದ್ಯಾಲಯ ತಡವಾಗಿ ಬಂದು ಆ ತೀರ್ಪಿಗೆ ಮುದ್ರೆ ಒತ್ತಿತು.

ಹಾಗೆಂದು ಜನರ ತೀರ್ಪು ಯಾವಾಗಲೂ ನ್ಯಾಯವಾಗಿರುತ್ತದೆ ಎನ್ನಲೂ ಆಗದು. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರ ಬದುಕನ್ನು ನೋಡಿ. ಜೋಗತಿಯರ ಕುಣಿತವನ್ನು ಜನ ನೆರೆದು ನೋಡುತ್ತಿದ್ದರು, ಆದರೆ ಕುಣಿದವರನ್ನು ಮನೆಯ ಒಳಗೆ ಕರೆಯುತ್ತಿರಲಿಲ್ಲ. ಮಂಜಮ್ಮನವರು ಕಾಳವ್ವ ಜೋಗತಿಯವರಲ್ಲಿ ಕಲಿತು ಆ ಕಲೆಯನ್ನು ರಂಗಕ್ಕೆ ತಂದರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಪ್ರಶಸ್ತಿ ಕೇಳುವ ಸಾಲಿನಲ್ಲಿ ನಿಂತಿರಬೇಕಾಗಿದ್ದವರು ಪ್ರಶಸ್ತಿ ಯಾರಿಗೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಕುಳಿತರು. ಒಬ್ಬರಿಗೆ ಪ್ರಶಸ್ತಿ ಸಿಗುವುದಕ್ಕಿಂತ ಇದು ದೊಡ್ಡ ಬದಲಾವಣೆ.

ಇನ್ನೊಂದು ಕಷ್ಟವೂ ಇದೆ. ಈರಮ್ಮನವರ ಕಾವ್ಯಗಳನ್ನು ವಿದ್ವಾಂಸರು ಬರೆದುಕೊಂಡರು. ಅದು ಅಗತ್ಯವಾದ ಕೆಲಸವೇ. ಆದರೆ ಬಾಯಿಹಾಡಿನ ಕಥೆಗಾರ್ತಿ ಕೇಳುವವರನ್ನು ನೋಡಿ ಒಂದು ಪ್ರಸಂಗವನ್ನು ಹಿಗ್ಗಿಸುತ್ತಾಳೆ, ಇನ್ನೊಂದನ್ನು ಕುಗ್ಗಿಸುತ್ತಾಳೆ. ಅದೇ ಅವಳ ಜಾಣ್ಮೆ. ಶಾಲೆಯಲ್ಲಿ ಪುಸ್ತಕಕ್ಕಿಂತ ಬೇರೆಯಾಗಿ ಬರೆದರೆ ಅದು ತಪ್ಪು, ಕಥೆಯ ಕಟ್ಟೆಯಲ್ಲಿ ನಿನ್ನೆಯಂತೆಯೇ ಇವತ್ತೂ ಒಪ್ಪಿಸಿದರೆ ಅದು ಸಪ್ಪೆ. ಮುದ್ರಿತ ಪುಟವನ್ನೇ ಸರಿಯುತ್ತರವೆಂದು ಹಿಡಿದರೆ ಮುಂದಿನ ಹಾಡುಗಾರ್ತಿಯ ಜಾಣ್ಮೆ ನಮಗೆ ತಪ್ಪಾಗಿ ಕಾಣುತ್ತದೆ. ಈರಮ್ಮನವರು 2014ರಲ್ಲಿ ತೀರಿಕೊಂಡರು. ಪುಟಗಳು ಉಳಿದಿವೆ. ಆ ಜಾಣ್ಮೆ ಉಳಿಯಬೇಕಾದರೆ ಪಕ್ಕದಲ್ಲಿ ಕುಳಿತು ಕಲಿಯುವ ಶಿಷ್ಯರು ಬೇಕು.

ಆದ್ದರಿಂದ ಯಾವುದೇ ಕಲೆಯನ್ನು ಯಾರಾದರೂ 'ಶ್ರೇಷ್ಠ', 'ಕನಿಷ್ಠ' ಎಂದಾಗ ಮೂರು ಪ್ರಶ್ನೆ ಕೇಳಿ. ಈ ಅಳತೆಗೋಲು ಮಾಡಿದವರು ಯಾರು? ಅವರು ಈ ಕೆಲಸವನ್ನು ಬಲ್ಲವರೇ? ಅಳೆಯಲ್ಪಡುವವರಿಗೆ ಮಾತಾಡುವ ಅವಕಾಶವಿತ್ತೇ?

ರಜೆಯಲ್ಲಿ ನಿಮ್ಮ ಊರಿನ ಹಾಡುವ ಅಜ್ಜಿಯನ್ನೋ, ಬಯಲಾಟದ ಮೇಷ್ಟ್ರನ್ನೋ ಕಾಣಿರಿ. ಹಾಡಿ ತೋರಿಸಿ ಎಂದು ಕೇಳುವ ಮೊದಲು ಇನ್ನೊಂದು ಮಾತು ಕೇಳಿ: "ನೀವು ಕಲಿಯುವಾಗ ನಿಮ್ಮ ಗುರುಗಳು ಯಾವುದನ್ನು ತಪ್ಪು ಎನ್ನುತ್ತಿದ್ದರು?" ಅವರು ಕೊಡುವ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಆ ಕಲೆಯ ಅಳತೆಗೋಲು ಅದರಲ್ಲಿರುತ್ತದೆ.