ಅಣು ಇಂಧನದ ಒಣ ಮರುಸಂಸ್ಕರಣೆ

ರಿಯಾಕ್ಟರಿನಲ್ಲಿ ಉರಿದು ಹೊರಬಂದ ಇಂಧನವನ್ನು ನೀರು, ಆಮ್ಲಗಳ ಹಂಗಿಲ್ಲದೆ ಕರಗಿದ ಲವಣದಲ್ಲಿ ಅಥವಾ ಲೋಹವನ್ನೇ ಕರಗಿಸಿ ಶುದ್ಧಮಾಡಿ ಮತ್ತೆ ಬಳಕೆಗೆ ತರುವ ವಿಧಾನ.   

ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235ರ ಪಾಲು ಶೇ. 0.7 ಮಾತ್ರ. ಕೈಗಾದ ಭಾರಜಲ ರಿಯಾಕ್ಟರುಗಳಲ್ಲಿ ಬಳಸುವ ಇಂಧನದ ಕಟ್ಟು ಅರ್ಧ ಮೀಟರ್ ಉದ್ದದ್ದು. ಅದರಲ್ಲಿ 19 ಕೊಳವೆಗಳು. ಉರಿದ ಮೇಲೂ ಅದರ ಬಹುಪಾಲು ಯುರೇನಿಯಂ ಹಾಗೇ ಉಳಿದಿರುತ್ತದೆ, ಜೊತೆಗೆ ಒಂದಿಷ್ಟು ಪ್ಲುಟೋನಿಯಂ ಹುಟ್ಟಿರುತ್ತದೆ. ಇಷ್ಟನ್ನು ಕಸವೆಂದು ಹೂಳುವುದು ಅದಿರು ವಿರಳವಾದ ನಮ್ಮ ದೇಶಕ್ಕೆ ತಕ್ಕುದಲ್ಲ.

ಭಾರತ ಮೊದಲು ಹಿಡಿದದ್ದು ಒದ್ದೆ ದಾರಿ: ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಬೇರ್ಪಡಿಸುವುದು. ಟ್ರಾಂಬೆಯ ಘಟಕ 1964ರಲ್ಲಿ ಶುರುವಾಯಿತು. ಮುಂದೆ ತಾರಾಪುರ, ಕಲ್ಪಾಕ್ಕಂಗಳಲ್ಲೂ ಘಟಕಗಳು ಬಂದವು.

ಒಣ ವಿಧಾನ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದದ್ದು ಅಮೆರಿಕದ ಐಡಾಹೋದಲ್ಲಿ. ಅಲ್ಲಿನ ಇಬಿಆರ್-2 ವೇಗದ ರಿಯಾಕ್ಟರಿನ ಲೋಹದ ಇಂಧನವನ್ನು 1964ರಿಂದ 1969ರವರೆಗೆ ಮೂಸೆಯಲ್ಲಿ ಕರಗಿಸಿ, ಶುದ್ಧಮಾಡಿ ಅದೇ ರಿಯಾಕ್ಟರಿಗೆ ಮರಳಿಸಿದರು. 1984ರಲ್ಲಿ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಆರಂಭಿಸಿದ ಯೋಜನೆ ವಿದ್ಯುತ್ ಶುದ್ಧೀಕರಣವನ್ನು ಬೆಳೆಸಿತು. ಕತ್ತರಿಸಿದ ಇಂಧನವನ್ನು ಉಕ್ಕಿನ ಬುಟ್ಟಿಯಲ್ಲಿಟ್ಟು, ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಲಿಥಿಯಂ-ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಇಳಿಬಿಟ್ಟು ವಿದ್ಯುತ್ ಹಾಯಿಸುತ್ತಾರೆ. ಯುರೇನಿಯಂ ಉಕ್ಕಿನ ಕಡ್ಡಿಗೆ ಹರಳುಗಟ್ಟಿ ಅಂಟುತ್ತದೆ. ಪ್ಲುಟೋನಿಯಂ ದ್ರವ ಕ್ಯಾಡ್ಮಿಯಂನಲ್ಲಿ ಬೇರೆ ಭಾರ ಧಾತುಗಳ ಜೊತೆ ಬೆರೆತೇ ಸೇರುತ್ತದೆ. ಸೀಸಿಯಂ, ಸ್ಟ್ರಾಂಷಿಯಂ ಲವಣದಲ್ಲಿ, ರುಥೇನಿಯಂನಂಥವು ಬುಟ್ಟಿಯಲ್ಲಿ ಉಳಿಯುತ್ತವೆ. ಪ್ಲುಟೋನಿಯಂ ಶುದ್ಧವಾಗಿ ಕೈಗೆ ಬಾರದಿರುವುದೇ ಈ ವಿಧಾನದ ದೊಡ್ಡ ಗುಣ ಎನ್ನಬೇಕು. ಲವಣ ವಿಕಿರಣಕ್ಕೆ ಕೆಡುವುದಿಲ್ಲವಾದ್ದರಿಂದ ಹೆಚ್ಚು ಕಾಲ ತಣಿಯಲು ಬಿಡಬೇಕಿಲ್ಲ. ಆದರೆ ಗಾಳಿ, ತೇವ ಸೋಕಕೂಡದು; ಕೆಲಸವೆಲ್ಲ ಆರ್ಗಾನ್ ಅನಿಲ ತುಂಬಿದ ಕೋಣೆಯಲ್ಲೇ. ಇಬಿಆರ್-2 1994ರಲ್ಲಿ ನಿಂತಿತು. ಅದರ ಉಳಿದ ಇಂಧನವನ್ನು 1996ರಿಂದ ಹೀಗೆ ಸಂಸ್ಕರಿಸಲಾಯಿತು.

ಭಾರತದಲ್ಲಿ ಈ ಸಂಶೋಧನೆಯ ನೆಲೆ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ. ಅಲ್ಲಿ 1985ರಲ್ಲಿ ಚಾಲನೆಗೊಂಡ ವೇಗದ ಪರೀಕ್ಷಾ ರಿಯಾಕ್ಟರ್ ಎಫ್‌ಬಿಟಿಆರ್‌ನ ಕಾರ್ಬೈಡ್ ಇಂಧನವನ್ನೂ ಒದ್ದೆ ವಿಧಾನದಲ್ಲೇ ಸಂಸ್ಕರಿಸಲಾಗಿದೆ. ಒಣ ವಿಧಾನವನ್ನು ಮುಂದಿನ ವೇಗದ ರಿಯಾಕ್ಟರುಗಳ ಲೋಹದ ಇಂಧನಕ್ಕಾಗಿ ಸಜ್ಜುಗೊಳಿಸಲಾಗುತ್ತಿದೆ. ಕೈಗಾದ ಆಕ್ಸೈಡ್ ಇಂಧನವನ್ನು ಈ ದಾರಿಗೆ ತರಬೇಕಾದರೆ ಮೊದಲು ಅದರ ಆಮ್ಲಜನಕ ಕಳೆದು ಲೋಹವಾಗಿಸಬೇಕು.